ಚೀಸ್ ಬಿಟ್ಟ ಹುಡುಗಿಯ ಕತೆ: ಮಕ್ಕಳಿಗೆ ಹಿಸ್ಪಾನಿಕ್ ಲೇಖಕರ ಜೀವನ ಬರೆದ ನನ್ನ ಅನುಭವ

ನಾನು ಟೆಕ್ಸಾಸ್‌ನಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಕನ್ನಡ ಕಲಿಸುತ್ತೇನೆ. ಎಂಟರಿಂದ ಹನ್ನೆರಡು ವರ್ಷದ ಹದಿನಾಲ್ಕು ಮಕ್ಕಳು. ಮನೆಯಲ್ಲಿ ಕನ್ನಡ ಕೇಳಿ ಬೆಳೆದವರು, ಮಾತು ಚೆನ್ನಾಗಿಯೇ ಬರುತ್ತದೆ, ಆದರೆ ಒತ್ತಕ್ಷರ ಬಂದರೆ ಓದು ನಿಂತುಹೋಗುತ್ತದೆ. ಅವರಿಗೆ ಓದಲು ಏನು ಕೊಡಬೇಕು ಅನ್ನುವುದೇ ವರ್ಷವಿಡೀ ನನ್ನ ಚಿಂತೆ. ಊರಿಂದ ತಂದ ಪುಸ್ತಕಗಳು ಇವೆ, ಅವನ್ನೂ ಓದಿಸುತ್ತೇನೆ. ಆದರೆ ಈ ಮಕ್ಕಳ ಪಕ್ಕದಲ್ಲಿ ಕೂತು ಊಟ ಮಾಡುವ ಸ್ನೇಹಿತರ ಮನೆಮಾತು ಸ್ಪ್ಯಾನಿಷ್. ಅವರ ಬಗ್ಗೆ ಕನ್ನಡದಲ್ಲಿ ಮಕ್ಕಳು ಓದುವಂಥದ್ದು ನನ್ನ ಕೈಗೆ ಒಂದೂ ಸಿಗಲಿಲ್ಲ.

ಇಲ್ಲಿ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗೆ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಮಾತಾಡುವ ನಾಡುಗಳಿಂದ ಬಂದವರ, ಪರಂಪರೆಯ ತಿಂಗಳು. 1968ರಲ್ಲಿ ಒಂದು ವಾರದ ಆಚರಣೆಯಾಗಿ ಶುರುವಾದದ್ದು, 1988ರಲ್ಲಿ ತಿಂಗಳಾಯಿತು. ತಿಂಗಳ ನಡುವಿನಿಂದ ಯಾಕೆ ಶುರು ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ: ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ, ಕೋಸ್ಟರಿಕಾ, ಈ ಐದೂ ದೇಶಗಳ ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 15. ಮಾರನೇ ದಿನ ಮೆಕ್ಸಿಕೋದ್ದು. ಆ ತಿಂಗಳು ಶಾಲೆಯಲ್ಲಿ ಪ್ರತಿ ಮಗುವಿಗೂ ಒಬ್ಬ ಲೇಖಕರನ್ನು ಕೊಟ್ಟು ಪೋಸ್ಟರ್ ಮಾಡಿಸುತ್ತಾರೆ. ಒಂದು ಶನಿವಾರ ಹುಡುಗಿಯೊಬ್ಬಳು ಆ ಪೋಸ್ಟರ್ ಹಿಡಿದು ಬಂದು, "ಆಂಟಿ, ಇವರ ಬಗ್ಗೆ ಕನ್ನಡದಲ್ಲಿ ಬರೆದುಕೊಡ್ತೀರಾ, ಅಜ್ಜಿಗೆ ಓದಿ ಹೇಳ್ಬೇಕು" ಅಂದಳು. ಅಲ್ಲಿಂದ ಶುರು. ಮೂರು ವರ್ಷದಲ್ಲಿ ಹನ್ನೊಂದು ಹಾಳೆ ಬರೆದಿದ್ದೇನೆ. ಒಬ್ಬೊಬ್ಬರಿಗೆ ಒಂದು ಹಾಳೆ, ಎರಡೂ ಬದಿ, ದಪ್ಪ ಅಕ್ಷರ.

ಮೊದಲು ಬರೆದದ್ದು ಗಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್ ಬಗ್ಗೆ. 1927ರಲ್ಲಿ ಕೊಲಂಬಿಯಾದ ಅರಕತಾಕಾದಲ್ಲಿ ಜನನ, 1967ರಲ್ಲಿ ದೊಡ್ಡ ಕಾದಂಬರಿ, 1982ರಲ್ಲಿ ನೊಬೆಲ್. ಎಲ್ಲಾ ಸರಿಯಾಗಿಯೇ ಇತ್ತು. ಒಬ್ಬ ಹುಡುಗ ಕಷ್ಟಪಟ್ಟು ಪೂರ್ತಿ ಓದಿದ, ಹಾಳೆ ಕೆಳಗಿಟ್ಟ, "ಆಮೇಲೆ?" ಅಂದ. ಆಮೇಲೆ ಅನ್ನುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಒಬ್ಬ ಮನುಷ್ಯನ ಬಗ್ಗೆ ಎರಡು ಪುಟ ಬರೆದಿದ್ದೆ, ಆ ಮನುಷ್ಯ ಏನು ಮಾಡಿದ ಅನ್ನುವ ಒಂದು ಸಾಲೂ ಅದರಲ್ಲಿ ಇರಲಿಲ್ಲ. ಸಿಕ್ಕಿದ್ದೆಲ್ಲಾ ಬರೆದಿದ್ದೆ, ಮಾಡಿದ್ದನ್ನು ಬರೆದಿರಲಿಲ್ಲ.

ಇಡೀ ಹಾಳೆ ಮತ್ತೆ ಬರೆದೆ. ಈ ಸಲ ಅಂಚೆ ಕಚೇರಿಯಿಂದ ಶುರು. 1966, ಮೆಕ್ಸಿಕೋ ನಗರ. ಗಂಡ ಹೆಂಡತಿ ಇಬ್ಬರೂ ಒಂದು ದೊಡ್ಡ ಕಟ್ಟು ಹಿಡಿದು ನಿಂತಿದ್ದಾರೆ. ಆ ದೊಡ್ಡ ಕಾದಂಬರಿಯದೇ ಟೈಪ್ ಮಾಡಿದ 590 ಹಾಳೆ, ಅಚ್ಚಿಗೆ ಬ್ಯೂನಸ್ ಐರಿಸ್‌ಗೆ ಹೋಗಬೇಕು. ತೂಕ ಹಾಕಿದವನು 82 ಪೆಸೊ ಅಂದ. ಕೈಯಲ್ಲಿದ್ದದ್ದು 53. ಹಾಳೆಗಳನ್ನು ಅರ್ಧ ಮಾಡಿ, ಇದ್ದ ದುಡ್ಡಿಗೆ ಎಷ್ಟು ಹೋಗುತ್ತೋ ಅಷ್ಟು ಕಳಿಸಿದರು. ಮನೆಯಲ್ಲಿ ಉಳಿದಿದ್ದ ಹೀಟರ್, ಹೇರ್ ಡ್ರೈಯರ್, ಮಿಕ್ಸಿ ಕೂಡ ಅಡವಿಟ್ಟು ಉಳಿದರ್ಧವನ್ನೂ ಕಳಿಸಿದರು. ಆಮೇಲೆ ನೋಡಿದರೆ ಮೊದಲು ಕಳಿಸಿದ್ದು ಪುಸ್ತಕದ ಎರಡನೇ ಅರ್ಧ! ಇದನ್ನು ಗಾರ್ಸಿಯಾ ಮಾರ್ಕೆಸ್ ಅವರೇ ಹೇಳಿಕೊಂಡಿದ್ದಾರೆ, ಹಾಗಾಗಿ ಹಾಳೆಯಲ್ಲೂ "ಅವರೇ ಹೇಳಿದ ಕತೆ ಇದು" ಅಂತ ಬರೆದೆ. ಕತೆ ಹೇಳುವುದೇ ಕೆಲಸವಾದವರು ತಮ್ಮ ಬಗ್ಗೆ ಹೇಳಿದ್ದು ಅಂತ ಮಕ್ಕಳಿಗೆ ಗೊತ್ತಿರಬೇಕು. ಅದೇ ಹುಡುಗ ಈ ಸಲ ಓದಿ ಮುಗಿಸಿ, ಅಡವಿಟ್ಟ ಮಿಕ್ಸಿ ವಾಪಸ್ ಬಂತಾ ಅಂತ ಕೇಳಿದ. ಸರಿಯಾದ ದಾರಿಗೆ ಬಂದೆ ಅನ್ನಿಸಿತು.

ಆಗಿನಿಂದ ನನಗೆ ಒಂದೇ ಹಟ. ಆ ಲೇಖಕರು ತಮ್ಮ ಕೈಯಾರೆ ಮಾಡಿದ ಒಂದು ಸಣ್ಣ ಕೆಲಸ ಸಿಗುವವರೆಗೆ ಬರೆಯಲು ಕೂರುವುದಿಲ್ಲ. ಸಾಧ್ಯವಾದರೆ ಚಿಕ್ಕಂದಿನದ್ದು, ಸಾಧ್ಯವಾದರೆ ಅವರದೇ ಮಾತಿನಲ್ಲಿ ದಾಖಲಾದದ್ದು.

ಈ ಹಟಕ್ಕೆ ಅತಿ ದೊಡ್ಡ ಉಡುಗೊರೆ ಕೊಟ್ಟವರು ಸೊರ್ ಹುವಾನಾ ಇನೆಸ್ ದೆ ಲಾ ಕ್ರುಸ್. ಮುನ್ನೂರು ವರ್ಷಕ್ಕೂ ಹಿಂದೆ ಮೆಕ್ಸಿಕೋದಲ್ಲಿದ್ದ ಕವಿ, ಕ್ರೈಸ್ತ ಸನ್ಯಾಸಿನಿ. 1691ರಲ್ಲಿ ಒಬ್ಬ ಬಿಷಪ್‌ಗೆ ಬರೆದ ಉದ್ದನೆಯ ಉತ್ತರದಲ್ಲಿ ತಮ್ಮ ಬಾಲ್ಯವನ್ನು ತಾವೇ ಹೇಳಿಕೊಂಡಿದ್ದಾರೆ. ಆ ಪತ್ರ ಓದುವಾಗ ನಾನು ಪೆನ್ಸಿಲ್ ಹಿಡಿದು ಗೀಟು ಹಾಕುತ್ತಾ ಹೋದೆ, ಕೊನೆಗೆ ನೋಡಿದರೆ ಪುಟಪೂರ್ತಿ ಗೀಟು. ಮೂರು ವರ್ಷದ ಮಗು ಅಕ್ಕನ ಹಿಂದೆ ಪಾಠ ಹೇಳುವವರ ಮನೆಗೆ ಹೋಗುತ್ತದೆ. "ನನಗೂ ಹೇಳಿಕೊಡಬೇಕಂತೆ, ಅಮ್ಮ ಹೇಳಿದ್ದಾರೆ" ಅಂತ ಸುಳ್ಳು ಹೇಳುತ್ತದೆ. ಟೀಚರ್ ನಂಬಲಿಲ್ಲ, ಆದರೂ ತಮಾಷೆಗೆ ಅಂತ ಕಲಿಸಿದರು. ಅಮ್ಮನಿಗೆ ಗೊತ್ತಾಗುವಷ್ಟರಲ್ಲಿ ಮಗುವಿಗೆ ಓದಲು ಬರುತ್ತಿತ್ತು. ಚೀಸ್ ತಿಂದರೆ ದಡ್ಡರಾಗುತ್ತಾರೆ ಅಂತ ಯಾರೋ ಹೇಳಿದ್ದಕ್ಕೆ ಅದು ಚೀಸ್ ತಿನ್ನುವುದನ್ನೇ ಬಿಟ್ಟಿತು. ತಿನ್ನುವ ಆಸೆಗಿಂತ ತಿಳಿಯುವ ಆಸೆ ಜಾಸ್ತಿಯಿತ್ತು ಅನ್ನುತ್ತಾರೆ ಅವರು. ಸ್ವಲ್ಪ ದೊಡ್ಡವಳಾದ ಮೇಲೆ ಇನ್ನೊಂದು ಶಪಥ: ಕೂದಲನ್ನು ನಾಲ್ಕಾರು ಬೆರಳಷ್ಟು ಕತ್ತರಿಸಿಕೊಳ್ಳುವುದು. ಅದು ಮತ್ತೆ ಅಷ್ಟು ಬೆಳೆಯುವುದರೊಳಗೆ ಅಂದುಕೊಂಡ ಪಾಠ ಕಲಿತಿರಬೇಕು, ಇಲ್ಲದಿದ್ದರೆ ಮತ್ತೆ ಕತ್ತರಿ. ಏನೂ ಇಲ್ಲದ ತಲೆಗೆ ಕೂದಲಿನ ಅಲಂಕಾರ ಯಾಕೆ ಅನ್ನುವುದು ಅವರ ವಾದ.

ಇಲ್ಲಿ ನಾನು ಸುಮಾರು ದಿನ ಯೋಚಿಸಿದೆ. ಓದು ಬರಲಿಲ್ಲ ಅಂತ ತನಗೆ ತಾನೇ ಶಿಕ್ಷೆ ಕೊಟ್ಟುಕೊಂಡ ಹುಡುಗಿಯ ಕತೆಯನ್ನು, ಮೊದಲೇ ಮಾರ್ಕ್ಸ್‌ಗಾಗಿ ಒದ್ದಾಡುವ ನಮ್ಮ ಮಕ್ಕಳಿಗೆ ಹೇಳಬಹುದಾ? ಹೇಳಬಹುದು, ಆದರೆ ಅಷ್ಟಕ್ಕೇ ನಿಲ್ಲಿಸಬಾರದು ಅನ್ನಿಸಿತು. ಅದಕ್ಕೇ ಅಡುಗೆಮನೆಯ ಭಾಗವನ್ನೂ ಸೇರಿಸಿದೆ. ಅದೇ ಪತ್ರದಲ್ಲಿ ಅವರು ಮೊಟ್ಟೆಯ ಬಗ್ಗೆ ಬರೆಯುತ್ತಾರೆ: ಬೆಣ್ಣೆಯಲ್ಲಿ, ಎಣ್ಣೆಯಲ್ಲಿ ಹಾಕಿದರೆ ಮೊಟ್ಟೆ ಒಟ್ಟಾಗಿ ಕೂಡಿಕೊಳ್ಳುತ್ತದೆ, ಸಕ್ಕರೆ ಪಾಕದಲ್ಲಿ ಹಾಕಿದರೆ ಬಿಡಿಬಿಡಿಯಾಗುತ್ತದೆ. ಅರಿಸ್ಟಾಟಲ್ ಅಡುಗೆ ಮಾಡಿದ್ದಿದ್ದರೆ ಇನ್ನೂ ಎಷ್ಟೋ ಜಾಸ್ತಿ ಬರೆಯುತ್ತಿದ್ದ ಅನ್ನುವ ಅವರ ಮಾತು ಅಲ್ಲೇ ಬರುವುದು. ಮಕ್ಕಳಿಗೆ ಕೂದಲಿಗಿಂತ ಮೊಟ್ಟೆ ಹೆಚ್ಚು ಇಷ್ಟವಾಯಿತು. ಮುಂದಿನ ವಾರ ಇಬ್ಬರು ಮನೆಯಲ್ಲಿ ಪಾಕ ಮಾಡಿಸಿ ನೋಡಿ ಬಂದಿದ್ದರು.

ಅವರು ಹುಟ್ಟಿದ ವರ್ಷದ ವಿಷಯಕ್ಕೂ ತುಂಬಾ ಸಮಯ ಹೋಯಿತು. ಹಳೆಯ ಜೀವನಚರಿತ್ರೆ 1651 ಅನ್ನುತ್ತದೆ, ಚರ್ಚಿನ ದೀಕ್ಷಾಸ್ನಾನದ ಒಂದು ದಾಖಲೆ ನೋಡಿ 1648 ಅನ್ನುವವರಿದ್ದಾರೆ. ಒಂದನ್ನು ಆರಿಸಿ ಸುಮ್ನೆ ಬರೆದುಬಿಡಬಹುದಿತ್ತು. ಆದರೆ ಮಕ್ಕಳು ಶಾಲೆಯ ಪೋಸ್ಟರ್‌ನಲ್ಲಿ ಬೇರೆ ವರ್ಷ ನೋಡುತ್ತಾರೆ, ಆಮೇಲೆ ನನ್ನ ಹಾಳೆಯನ್ನು ಯಾಕೆ ನಂಬಬೇಕು? ಎರಡೂ ವರ್ಷ ಕೊಟ್ಟು, ಯಾಕೆ ಎರಡು ಅಂತ ಎರಡು ಸಾಲು ಬರೆದೆ. "ನಮ್ಮ ಮುತ್ತಜ್ಜಿಗೂ ಹುಟ್ಟಿದ ದಿನ ಗೊತ್ತಿಲ್ಲ" ಅಂತ ಒಬ್ಬಳು ಹೇಳಿದಳು. ಅಷ್ಟು ಸಲೀಸಾಗಿ ಅರ್ಥವಾಯಿತು.

ಹಾಳೆಗೆ ಹಾಕುವ ಚಿತ್ರದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇತ್ತೀಚಿನ ಲೇಖಕರ ಫೋಟೋಗಳಿಗೆ ಹಕ್ಕುಸ್ವಾಮ್ಯ ಇರುತ್ತದೆ, ಅಂತರ್ಜಾಲದಲ್ಲಿ ಸಿಕ್ಕಿತು ಅಂತ ಹಾಕುವಂತಿಲ್ಲ. ಅವರ ಹಾಳೆಯಲ್ಲಿ ಖಾಲಿ ಚೌಕ ಬಿಟ್ಟು ಮಕ್ಕಳಿಂದಲೇ ಚಿತ್ರ ಬರೆಸುತ್ತೇನೆ. ಸೊರ್ ಹುವಾನಾಗೆ ಆ ತೊಂದರೆ ಇಲ್ಲ. ಮಿಗೆಲ್ ಕಬ್ರೆರಾ 1750ರ ಸುಮಾರಿಗೆ ಬರೆದ ಹಳೆಯ ಚಿತ್ರ ಇದೆ, ಸುತ್ತ ಪುಸ್ತಕಗಳ ನಡುವೆ ಅವರು ಕೂತಿದ್ದಾರೆ. ಅದರ ಕೆಳಗೆ "ಚಿತ್ರಕಾರ ಇವರನ್ನು ನೋಡಿರಲಿಲ್ಲ, ಅಷ್ಟು ಹೊತ್ತಿಗೆ ಇವರು ಹೋಗಿ ಐವತ್ತು ವರ್ಷವಾಗಿತ್ತು" ಅಂತ ಬರೆದಿದ್ದೇನೆ. ಮೆಕ್ಸಿಕೋದ 100 ಪೆಸೊ ನೋಟಿನ ಮೇಲೆ ಅವರ ಮುಖ ಇದೆ. ಪಕ್ಕದ ಮನೆಯವರು ಒಂದು ನೋಟು ಕೊಟ್ಟರು, ಅದನ್ನು ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸಿದೆವು.

ಹೆಸರುಗಳ ವಿಷಯದಲ್ಲಿ ಮಕ್ಕಳೇ ನನಗೆ ಗುರುಗಳು. ಅವರು ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಯುತ್ತಾರೆ. ನಾನು ಬೋರ್ಡಿನ ಮೇಲೆ "ಜೋಸ್ ಮಾರ್ಟಿ" ಅಂತ ಬರೆದ ದಿನ ನಾಲ್ಕು ಕೈ ಒಟ್ಟಿಗೆ ಮೇಲೆದ್ದವು: "ಆಂಟಿ, ಹೊಸೆ!" ಸರಿ, ಹೊಸೆ. ಆಮೇಲೆ ಸ್ಪ್ಯಾನಿಷ್ ಮಾತಾಡುವ ಒಬ್ಬ ಅಮ್ಮನ ಜೊತೆ ಕೂತು ಎಲ್ಲಾ ಹೆಸರನ್ನೂ ಅವರ ಬಾಯಿಂದ ಹೇಳಿಸಿ ಕೇಳಿದೆ. ಆಗ ಗೊತ್ತಾದದ್ದು, ನಮ್ಮ ಲಿಪಿ ಈ ಕೆಲಸಕ್ಕೆ ಎಷ್ಟು ಒಪ್ಪುತ್ತದೆ ಅಂತ. ಇಂಗ್ಲಿಷಿನವರ ನಾಲಿಗೆ ಟ, ಡ ಕಡೆಗೆ ವಾಲುತ್ತದೆ, ಸ್ಪ್ಯಾನಿಷ್‌ನದ್ದು ಹಲ್ಲಿಗೆ ತಾಗುವ ತ, ದ. ಮಾರ್ತಿ, ತೊಮಾಸ್, ಮಿಸ್ತ್ರಾಲ್. ಕನ್ನಡದಲ್ಲಿ ಬರೆದರೆ ಮಗು ನೇರವಾಗಿ ಸರಿಯಾಗಿಯೇ ಓದುತ್ತದೆ. ನಾವು ಇಂಗ್ಲಿಷ್ ಕಾಗುಣಿತ ನೋಡಿ ಬರೆದುಕೊಂಡಿರುವ ಮಾರ್ಕ್ವೆಜ್ ಕೂಡ ಅಲ್ಲಿ ಮಾರ್ಕೆಸ್. ನನ್ನ ತರಗತಿಯ ಮಕ್ಕಳ ಹೆಸರನ್ನು ಇಲ್ಲಿ ದಿನಾ ಯಾರಾದರೂ ಮುರಿಯುತ್ತಾರೆ, ಅದರ ನೋವು ಅವರಿಗೆ ಗೊತ್ತು. ಹಾಗಾಗಿ ಇನ್ನೊಬ್ಬರ ಹೆಸರನ್ನು ನಾವು ಮುರಿಯಬಾರದು ಅಂತ ನನಗೆ ತುಂಬಾ ಅನ್ನಿಸುತ್ತದೆ.

ಎರಡು ಮನೆತನದ ಹೆಸರು ಯಾಕೆ ಅಂತಲೂ ಪ್ರಶ್ನೆ ಬಂತು. ಗಾರ್ಸಿಯಾ ಅಪ್ಪನ ಕಡೆಯದು, ಮಾರ್ಕೆಸ್ ಅಮ್ಮನ ಕಡೆಯದು. ಇದಕ್ಕೆ ನನಗೆ ಬೇಂದ್ರೆ ನೆರವಾದರು. ಅಂಬಿಕಾತನಯದತ್ತ ಅಂದರೆ ಅಂಬಿಕೆಯ ಮಗ ದತ್ತ, ಹೆಸರಿನಲ್ಲೇ ಅಮ್ಮ ಇದ್ದಾರೆ ನೋಡಿ ಅಂದೆ. ಕಾವ್ಯನಾಮ ಅನ್ನುವುದೂ ಅಲ್ಲಿಂದಲೇ ಅರ್ಥವಾಯಿತು. ಚಿಲಿಯ ಲುಸಿಲಾ ಗೊದೊಯ್ ಅನ್ನುವ ಟೀಚರ್ ಗಬ್ರಿಯೆಲಾ ಮಿಸ್ತ್ರಾಲ್ ಆದದ್ದು, ನೆಫ್ತಾಲಿ ರೆಯೆಸ್ ಅನ್ನುವ ರೈಲ್ವೆ ನೌಕರನ ಮಗ ಪಾಬ್ಲೊ ನೆರುದಾ ಆದದ್ದು, ಎರಡನ್ನೂ ಮಕ್ಕಳು ಪ್ರಶ್ನೆಯಿಲ್ಲದೆ ಒಪ್ಪಿಕೊಂಡರು.

ಈ ಹನ್ನೊಂದು ಹಾಳೆಗಳಲ್ಲಿ ನನ್ನ ಮನಸ್ಸಿಗೆ ತೀರಾ ಹತ್ತಿರವಾದದ್ದು ಪುರಾ ಬೆಲ್ಪ್ರೆ ಅವರದು. ಪೋರ್ಟೊರಿಕೋದ ಸಿದ್ರಾ ಊರಿನವರು. 1920ರಲ್ಲಿ ಅಕ್ಕನ ಮದುವೆಗೆ ಅಂತ ನ್ಯೂಯಾರ್ಕಿಗೆ ಬಂದವರು ಅಲ್ಲೇ ಉಳಿದರು. ಇಷ್ಟು ಓದಿದ್ದೇ ತಡ ಒಬ್ಬ ಹುಡುಗ, "ವೀಸಾ ಸಿಕ್ತಾ ಅವ್ರಿಗೆ?" ಅಂದ. ನಮ್ಮ ಮನೆಗಳಲ್ಲಿ ಬೆಳೆದ ಮಗು ಕೇಳುವ ಪ್ರಶ್ನೆಯೇ ಅದು. ಪೋರ್ಟೊರಿಕೋ ಅಮೆರಿಕದ ಕೈಕೆಳಗಿನ ದ್ವೀಪ, ಅಲ್ಲಿಯವರಿಗೆ 1917ರಲ್ಲೇ ಪೌರತ್ವ ಸಿಕ್ಕಿತ್ತು, ವೀಸಾ ಬೇಕಿರಲಿಲ್ಲ ಅಂತ ಹೇಳಿದೆ. ಮನೆಗೆ ಬಂದು ಹಾಳೆಗೂ ಆ ಸಾಲು ಸೇರಿಸಿದೆ. ನಾನೊಬ್ಬಳೇ ಕೂತು ಬರೆದಿದ್ದರೆ ಅದು ಹೊಳೆಯುತ್ತಲೇ ಇರಲಿಲ್ಲ.

1921ರಲ್ಲಿ ಹಾರ್ಲೆಮ್‌ನ 135ನೇ ಬೀದಿಯ ಗ್ರಂಥಾಲಯ ಅವರನ್ನು ಕೆಲಸಕ್ಕೆ ತೆಗೆದುಕೊಂಡಿತು. ಸುತ್ತಮುತ್ತ ಸ್ಪ್ಯಾನಿಷ್ ಮಾತಾಡುವವರು ಹೆಚ್ಚುತ್ತಿದ್ದ ಕಾಲ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಅವರೇ ಮೊದಲ ಪೋರ್ಟೊರಿಕೋ ಗ್ರಂಥಪಾಲಕಿ. ಮಕ್ಕಳಿಗೆ ಕತೆ ಹೇಳುವುದು ಅವರ ಕೆಲಸದ ಒಂದು ಭಾಗ. ಆದರೆ ಕಪಾಟಿನಲ್ಲಿ ಹುಡುಕಿದರೆ, ಅಜ್ಜಿ ಹೇಳುತ್ತಿದ್ದ ಒಂದು ಕತೆಯೂ ಇಲ್ಲ. ಅಚ್ಚಾದ ಪುಸ್ತಕದಲ್ಲಿ ಇರುವ ಕತೆಯನ್ನೇ ಹೇಳಬೇಕು ಅನ್ನುವ ಪದ್ಧತಿ ಬೇರೆ ಇತ್ತು. ಬೆಲ್ಪ್ರೆ ವಿಶೇಷ ಅನುಮತಿ ಪಡೆದು ಬಾಯಲ್ಲಿದ್ದ ಕತೆಯನ್ನೇ ಹೇಳಿದರು. ಮಾರ್ತಿನಾ ಅನ್ನುವ ಜಿರಳೆ, ಪೆರೆಸ್ ಅನ್ನುವ ಇಲಿ. ಮಾರ್ತಿನಾಳನ್ನು ಮದುವೆಯಾಗಲು ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ, ಅವಳು ಒಪ್ಪುವುದು ಇಲಿಯನ್ನು. ಕೊನೆಗೆ ಒಂದು ಕ್ರಿಸ್‌ಮಸ್ ದಿನ ಒಲೆಯ ಮೇಲೆ ಸಿಹಿ ಕುದಿಯುತ್ತಿರುವಾಗ ಪೆರೆಸ್ ರುಚಿ ನೋಡಲು ಬಗ್ಗಿ ಪಾತ್ರೆಯೊಳಗೆ ಬೀಳುತ್ತಾನೆ. 1932ರಲ್ಲಿ ಈ ಕತೆ ಪುಸ್ತಕವಾಯಿತು. ಗೊಂಬೆ ಕಟ್ಟಿಕೊಂಡು ಕತೆ ಆಡಿಸಿದರು, ಜನವರಿ 6ರ ಮೂರು ರಾಜರ ಹಬ್ಬವನ್ನು ಗ್ರಂಥಾಲಯಕ್ಕೇ ತಂದರು. 1996ರಿಂದ ಅವರ ಹೆಸರಿನಲ್ಲಿ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದವರ) ಮಕ್ಕಳ ಸಾಹಿತ್ಯಕ್ಕೆ ಪ್ರಶಸ್ತಿ ಕೊಡುತ್ತಾರೆ. ಪ್ರಶಸ್ತಿಯ ವಿಷಯ ಹಾಳೆಯ ಕಟ್ಟಕಡೆಯ ಸಾಲು, ಅದಕ್ಕಿಂತ ಮೇಲೆ ಅದನ್ನು ಬರಗೊಡಲಿಲ್ಲ.

ಆ ಹಾಳೆ ಓದಿದ ದಿನ ತರಗತಿಯಲ್ಲಿ ಗದ್ದಲ. "ಪಾಯಸಕ್ಕೆ ಬಿದ್ದನಾ?" "ಸತ್ತೇಹೋದನಾ?" ಹೌದು, ಸತ್ತ ಅಂದೆ. ಮಾರ್ತಿನಾ ಅಳುತ್ತಾ ಹಾಡುತ್ತಾಳೆ ಅಂದೆ. ಒಬ್ಬ ತಾಯಿ ಆಮೇಲೆ ಫೋನ್ ಮಾಡಿ, ಮಕ್ಕಳ ಕತೆಯಲ್ಲಿ ಸಾವು ಬೇಕಿತ್ತಾ ಅಂತ ಕೇಳಿದರು. ಅವರ ಆತಂಕ ನನಗೆ ಅರ್ಥವಾಯಿತು, ಆದರೂ ನಾನು ಬದಲಾಯಿಸಲಿಲ್ಲ. ಬೆಲ್ಪ್ರೆ ಬದಲಾಯಿಸಲಿಲ್ಲವಲ್ಲ. ನಮ್ಮ ಪುಣ್ಯಕೋಟಿಯ ಕೊನೆಯಲ್ಲಿ ಹುಲಿ ಪ್ರಾಣ ಬಿಡುವುದನ್ನು ಕೇಳಿಯೇ ನಾವೂ ದೊಡ್ಡವರಾದದ್ದು, ಅಲ್ವಾ?

ಕಷ್ಟದ ವಿಷಯಗಳನ್ನು ಎಷ್ಟು ಹೇಳಬೇಕು ಅನ್ನುವ ಪ್ರಶ್ನೆ ಪ್ರತಿ ಹಾಳೆಯಲ್ಲೂ ಬರುತ್ತದೆ. ಮಿಸ್ತ್ರಾಲ್ ಚಿಕ್ಕವರಿದ್ದಾಗ ಶಾಲೆಯಲ್ಲಿ ಕಾಗದ ಕದ್ದಳು ಅಂತ ಆರೋಪ ಹೊರಿಸಿದರು, ಜೊತೆಯ ಹುಡುಗಿಯರು ಕಲ್ಲು ಹೊಡೆದರು. ಮೊದಲ ಕರಡಿನಲ್ಲಿ ಅದನ್ನು ಬಿಟ್ಟಿದ್ದೆ. ಬಿಟ್ಟ ಮೇಲೆ ಉಳಿದದ್ದು ಹೀಗೆ: ಬಡ ಹುಡುಗಿ ಹದಿನೈದನೇ ವಯಸ್ಸಿಗೇ ಪಾಠ ಹೇಳಲು ನಿಂತಳು, 1945ರಲ್ಲಿ ಲ್ಯಾಟಿನ್ ಅಮೆರಿಕಕ್ಕೆ ಸಾಹಿತ್ಯದ ಮೊದಲ ನೊಬೆಲ್ ತಂದಳು. ಎಲ್ಲಾ ಮೆಟ್ಟಿಲೂ ನಯವಾಗಿ ಕಾಣುತ್ತಿತ್ತು. ಕಲ್ಲನ್ನು ವಾಪಸ್ ತಂದು ಹಾಕಿದೆ, ಎರಡೇ ಸಾಲು, ವಿವರಣೆ ಇಲ್ಲದೆ. ಆಮೇಲೆ ಕೊನೆಯ ಸಾಲಿಗೆ ಅರ್ಥ ಬಂತು: ದಕ್ಷಿಣ ಅಮೆರಿಕದಲ್ಲಿ ತನ್ನ ಪುಸ್ತಕಗಳಿಂದ ಬರುವ ಹಣವನ್ನು ಅವರು ಉಯಿಲಿನಲ್ಲಿ ಬರೆದಿಟ್ಟದ್ದು ತಾನು ಬೆಳೆದ ಮೊಂತೆಗ್ರಾಂದೆ ಹಳ್ಳಿಯ ಮಕ್ಕಳಿಗೆ.

ತೊಮಾಸ್ ರಿವೆರಾ ಹಾಳೆ ಸುಲಭವಾಗಿ ಬಂತು. ನಮ್ಮ ಟೆಕ್ಸಾಸ್‌ನ ಕ್ರಿಸ್ಟಲ್ ಸಿಟಿಯವರು, ಹುಟ್ಟಿದ್ದು 1935ರಲ್ಲಿ. ಪಾಲಕ್ ಸೊಪ್ಪು ಬೆಳೆಯುವ ಊರು, ಅಲ್ಲಿ ಪಾಲಕ್ ತಿನ್ನುವ ಕಾರ್ಟೂನ್ ನಾಯಕ ಪೊಪೈ ಪ್ರತಿಮೆ ಕೂಡ ಇದೆ. ಮನೆಯವರು ಬೆಳೆ ಕೊಯ್ಲಿನ ಹಿಂದೆ ಅಯೋವಾದವರೆಗೂ ಕೂಲಿಗೆ ಹೋಗುತ್ತಿದ್ದರು. ಅಲ್ಲಿನ ಹ್ಯಾಂಪ್ಟನ್ ಊರಿನ ಗ್ರಂಥಪಾಲಕಿಯೊಬ್ಬರು ಆ ಹುಡುಗನಿಗೆ ಪುಸ್ತಕ ಕೊಟ್ಟರು. 1979ರಲ್ಲಿ ಅವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕ್ಯಾಂಪಸ್‌ನ ಮುಖ್ಯಸ್ಥರಾದರು. ಇವತ್ತು ಅಲ್ಲಿನ ಗ್ರಂಥಾಲಯಕ್ಕೆ ಅವರದೇ ಹೆಸರು.

ಸಾಂಡ್ರಾ ಸಿಸ್ನೆರೊಸ್ ಹಾಳೆ ಮಾತ್ರ ಭಾಷೆಯ ಕಾರಣಕ್ಕೆ ಹತ್ತು ದಿನ ತೆಗೆದುಕೊಂಡಿತು. ಷಿಕಾಗೋದಲ್ಲಿ ಆರು ಜನ ಗಂಡುಹುಡುಗರ ಜೊತೆ ಒಬ್ಬಳೇ ಹುಡುಗಿಯಾಗಿ ಬೆಳೆದವರು. ಅಪ್ಪ ಸ್ಪ್ಯಾನಿಷ್‌ನಲ್ಲಿ "ಸಿಯೆತೆ ಇಹೋಸ್" ಅನ್ನುತ್ತಿದ್ದರು. ಇಹೋಸ್ ಅಂದರೆ ಗಂಡುಮಕ್ಕಳು ಅಂತಲೂ ಹೌದು, ಬರೀ ಮಕ್ಕಳು ಅಂತಲೂ ಹೌದು. ಇಂಗ್ಲಿಷಿಗೆ ಬಂದಾಗ ಅದು ಏಳು ಗಂಡುಮಕ್ಕಳು ಆಗಿಬಿಡುತ್ತಿತ್ತು. ಏಳಲ್ಲ, ಆರು, ಇನ್ನೊಂದು ಮಗಳು ಅಂತ ಈ ಹುಡುಗಿ ಹೇಳಬೇಕಿತ್ತು. ಕನ್ನಡದಲ್ಲಿ "ನನಗೆ ಏಳು ಮಕ್ಕಳು" ಅಂದರೆ ಯಾರೂ ಅಳಿಸಿಹೋಗುವುದಿಲ್ಲ, ಅಲ್ಲಿಗೆ ಆ ಹುಡುಗಿಯ ದುಃಖವೇ ಕಾಣುವುದಿಲ್ಲ. ಕೊನೆಗೆ ಮೂರು ಭಾಷೆಯ ಮಾತನ್ನೂ ಒಂದರ ಕೆಳಗೊಂದು ಇಟ್ಟೆ. ಮೂರೂ ಬಲ್ಲ ಮಕ್ಕಳಿಗೆ ತಕ್ಷಣ ಹೊಳೆಯಿತು. ಒಬ್ಬಳೇ ಮಗಳು ಅನ್ನುವುದಕ್ಕೂ ಬರೀ ಮಗಳು ಅನ್ನುವುದಕ್ಕೂ ಏನು ವ್ಯತ್ಯಾಸ ಅಂತ ಅರ್ಧ ಗಂಟೆ ಮಾತಾಡಿದರು, ಹುಡುಗರೂ ಸೇರಿ. ಅವರ ಒಂದು ಕತೆ ಸ್ಪ್ಯಾನಿಷ್‌ಗೆ ಬಂದಾಗ ಅಪ್ಪ ಮಂಚದ ಮೇಲೆ ಕೂತು ಪೂರ್ತಿ ಓದಿ, ನೆಂಟರಿಗೆ ಕೊಡಲು ಇನ್ನಷ್ಟು ಪ್ರತಿ ಎಲ್ಲಿ ಸಿಗುತ್ತೆ ಅಂತ ಕೇಳಿದರಂತೆ. ಹಾಳೆ ಅಲ್ಲಿಗೆ ಮುಗಿಯುತ್ತದೆ.

ಬರೆಯುವ ಕ್ರಮ ಕೇಳುವವರಿಗೆ ಇಷ್ಟು ಹೇಳಬಲ್ಲೆ. ಒಂದು ಸಾಲಿನಲ್ಲಿ ಏಳೆಂಟು ಪದ. ಮೊದಲ ಪ್ಯಾರಾದಲ್ಲಿ ಹುಟ್ಟಿದ ತಾರೀಖು ಬೇಡ. ಮೇಲೆ ಬಲಗಡೆ ಸಣ್ಣ ನಕ್ಷೆ ಬೇಕೇ ಬೇಕು, ಇಲ್ಲದಿದ್ದರೆ ಮಕ್ಕಳಿಗೆ ಎಲ್ಲರೂ ಮೆಕ್ಸಿಕೋದವರೇ. ಬರೆದದ್ದನ್ನು ಜೋರಾಗಿ ಓದಿ, ಎಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೋ ಅಲ್ಲಿ ಒಡೆಯುತ್ತೇನೆ. ಕೊನೆಗೆ ಆ ಹಾಳೆಯನ್ನು ಒಬ್ಬ ಮಗುವಿಗೆ ಕೊಟ್ಟು ಅಜ್ಜಿಗೆ ಫೋನ್‌ನಲ್ಲಿ ಓದಿ ಹೇಳಲು ಹೇಳುತ್ತೇನೆ. ಅಜ್ಜಿ ಎಲ್ಲಿ ಪ್ರಶ್ನೆ ಕೇಳಿದರು ಅನ್ನುವುದನ್ನು ಮಗು ಬಂದು ಹೇಳುತ್ತದೆ, ಅಲ್ಲಿ ತಿದ್ದುತ್ತೇನೆ.

ಈಗ ಮೇಜಿನ ಮೇಲಿರುವುದು ಹೊಸೆ ಮಾರ್ತಿ, ಹನ್ನೆರಡನೆಯ ಹಾಳೆ. ಕ್ಯೂಬಾದವರು. ಹದಿನಾರನೇ ವಯಸ್ಸಿಗೆ ಒಂದು ಪತ್ರದ ಕಾರಣಕ್ಕೆ ಬಂಧನ, ಮುಂದಿನ ವರ್ಷ ಕಾಲಿಗೆ ಸರಪಳಿ ಹಾಕಿಸಿಕೊಂಡು ಕಲ್ಲಿನ ಗಣಿಯಲ್ಲಿ ಕೆಲಸ. ಅಲ್ಲಿಂದ ಶುರು ಮಾಡೋಣ ಅಂದುಕೊಂಡಿದ್ದೆ, ಮೂರು ಸಲ ಬರೆದೆ, ಎಂಟು ವರ್ಷದವರಿಗೆ ಭಾರವಾಯಿತು. ಈಗ ಬೇರೆ ಕಡೆಯಿಂದ ಬರುತ್ತಿದ್ದೇನೆ. 1889ರಲ್ಲಿ ಅವರು ನ್ಯೂಯಾರ್ಕಿನಲ್ಲಿ ಕೂತು ಮಕ್ಕಳಿಗಾಗಿ ಒಂದು ಪತ್ರಿಕೆ ಮಾಡಿದರು. ಜುಲೈಯಿಂದ ಅಕ್ಟೋಬರ್‌ವರೆಗೆ ನಾಲ್ಕೇ ಸಂಚಿಕೆ. ಮೊದಲ ಸಂಚಿಕೆಯ ಮೊದಲ ಸಾಲಿನಲ್ಲೇ ಈ ಪತ್ರಿಕೆ "ನಿನ್ಯೋಸ್"ಗಾಗಿ, ಮತ್ತೆ "ನಿನ್ಯಾಸ್"ಗಾಗಿ, ಖಂಡಿತ, ಅಂತ ಬರೆದಿದ್ದಾರೆ. ನಿನ್ಯೋಸ್ ಅಂದರೆ ಹುಡುಗರು, ನಿನ್ಯಾಸ್ ಅಂದರೆ ಹುಡುಗಿಯರು. ಇದನ್ನು "ಮಕ್ಕಳಿಗಾಗಿ" ಅಂತ ಒಂದೇ ಪದದಲ್ಲಿ ಕನ್ನಡಕ್ಕೆ ತಂದರೆ ತಪ್ಪಿಲ್ಲ, ಆದರೆ ಮಾರ್ತಿ ನೆನಪಿಟ್ಟುಕೊಂಡು ಸೇರಿಸಿದ ಹುಡುಗಿಯರು ಅದರೊಳಗೆ ಮುಳುಗಿಹೋಗುತ್ತಾರೆ. ನಿನ್ನೆ ರಾತ್ರಿ ಅದನ್ನು ಹೊಡೆದುಹಾಕಿ "ಹುಡುಗರಿಗಾಗಿ ಈ ಪತ್ರಿಕೆ, ಹುಡುಗಿಯರಿಗಾಗಿ ಕೂಡ, ಖಂಡಿತ" ಅಂತ ಬರೆದಿಟ್ಟಿದ್ದೇನೆ. ಶನಿವಾರ ಓದಿಸಿ ನೋಡಬೇಕು.